ಸಾಲ ಪಾಪವೇ? ಕಬ್ಬಿನ ಬಿಲ್ಲು, ಸಂಘದ ಕಂತು ಮತ್ತು ಬೈಬಲಿನ ಮಾತು

ಓದುಗರ ಪ್ರಶ್ನೆ:

"ನಾವು ಜಮಖಂಡಿ ತಾಲೂಕಿನವರು ಸರ್. ಮೂರು ಎಕರೆ ಕಬ್ಬು, ಎರಡು ಎಮ್ಮಿ ಅದಾವ್ರಿ. ನಮ್ಮ ಮನಿಯಾಕಿ ಹೊಲಿಗಿ ಕೆಲಸ ಮಾಡ್ತಾಳ. ಪಿಕೆಪಿಎಸ್‌ದಾಗ (ಊರ ಕೃಷಿ ಸಹಕಾರ ಸಂಘ) 1,80,000 ಬೆಳೆಸಾಲ ಐತಿ. ಬ್ಯಾಂಕಿನಾಗ ಬಂಗಾರ ಇಟ್ಟು 90,000 ತಂದೀವಿ. ಆಕಿ ಹೆಸರಲೆ ಎರಡು ಸಂಘದ (ಮೈಕ್ರೋಫೈನಾನ್ಸ್) ಸಾಲ, ಇನ್ನೂ 64,000 ಉಳದೈತಿ, ತಿಂಗಳಿಗೆ 5,200 ಕಂತು. ತಂಗಿ ಲಗ್ನಕ್ಕ ಊರಾಗ ಒಬ್ಬರ ಕಡೆ ಕೈಗಡ 1,50,000, ನೂರಕ್ಕ ಮೂರು ರೂಪಾಯಿ ಬಡ್ಡಿ. ಹಾಲು, ಹೊಲಿಗಿ ಸೇರಿ ತಿಂಗಳಿಗೆ 9,000 ಬರತೈತಿ. ಕಬ್ಬಿನ ಬಿಲ್ಲಿನಾಗ ಪಿಕೆಪಿಎಸ್ ಸಾಲ ಮುರಕೊಂಡು ಕೈಗೆ 1,80,000 ಸಿಗತೈತಿ. ಸಭೆಯಾಗ ಒಬ್ಬ ಪಾಸ್ಟರು ಸಾಲ ಮಾಡೂದೇ ಪಾಪ ಅಂದ್ರು. ಅವತ್ತಿನಿಂದ ಮನಿಯಾಕಿ ಕರ್ತನ ಭೋಜನ ತಗೋಳಾಕ ಒಲ್ಲೆ ಅಂತಾಳ. ಇನ್ನೊಬ್ಬ ಪ್ರಸಂಗಿಗಳು ದಶಮಾಂಶ ಮೊದಲ ಕೊಡ್ರಿ, ದೇವರು ಸಾಲ ರದ್ದು ಮಾಡ್ತಾನ ಅಂತಾರ. ಬಿಲ್ಲಿನ ಪೂರ್ತಿ ಮೊತ್ತದ ಮ್ಯಾಲೆ 36,000 ಕೊಟ್ಟೀವಿ. ಈಗ ಭಾವ ಟ್ರ್ಯಾಕ್ಟರ್ ಸಾಲಕ್ಕ ಜಾಮೀನು ಹಾಕು ಅಂತ ಕುಂತಾನ. ಗೆಳ್ಯಾರು ಸರಕಾರನ ಲಕ್ಷಾಂತರ ಕೋಟಿ ಸಾಲ ಮಾಡೈತಿ, ಹುಟ್ಟೂ ಕೂಸಿನ ತಲಿಮ್ಯಾಲೂ ಲಕ್ಷ ರೂಪಾಯಿ ಸಾಲ ಐತಿ, ಸಾಲಮನ್ನಾ ಆಗತೈತಿ ಬಿಡು ಅಂತಾರ. ದೇಶದ ಮ್ಯಾಲಿನ ಸಾಲ ಶಾಪ ಅಂತ ಧರ್ಮೋಪದೇಶಕಾಂಡದಾಗ ಐತೆಂತ, ಖರೇನ್ರಿ?"

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ: ಸಾಲ ಪಾಪವೇ, ದಶಮಾಂಶ ಏನು ಮಾಡಬೇಕು, ಜಾಮೀನು ಹಾಕಬಹುದೇ, ಸರಕಾರದ ಸಾಲಕ್ಕೂ ನಿಮ್ಮ ಸಾಲಕ್ಕೂ ಏನು ಸಂಬಂಧ. ನಿಮ್ಮ ಮನೆಯವರು ಕರ್ತನ ಭೋಜನದಿಂದ ದೂರ ಉಳಿದಿರುವುದೇ ನನಗೆ ಎಲ್ಲಕ್ಕಿಂತ ತುರ್ತಾಗಿ ಕಂಡಿದೆ. ಅದನ್ನೇ ಮೊದಲು ನೋಡೋಣ.

"ಸಾಲ ಪಾಪ" ಎನ್ನುವವರು ಸಾಮಾನ್ಯವಾಗಿ ರೋಮಾಪುರದವರಿಗೆ 13:8 ತೆಗೆಯುತ್ತಾರೆ. ಪ್ರೀತಿಯ ಋಣವೊಂದನ್ನು ಬಿಟ್ಟು ಯಾರಿಗೂ ಏನೂ ಬಾಕಿ ಇಟ್ಟುಕೊಳ್ಳಬೇಡಿ ಎಂಬ ವಚನ ಅದು. ಅದರ ಹಿಂದಿನ ವಚನ ಓದಿ: ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ತೆರಿಗೆ, ಸುಂಕ ಯಾರಿಗೋ ಅವರಿಗೆ ಸುಂಕ. ಪೌಲನು ಅಲ್ಲಿ ಹೇಳುತ್ತಿರುವುದು ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಳ್ಳುವವರ ಬಗ್ಗೆ. ಗಡುವಿಗೆ ಸರಿಯಾಗಿ ಕಂತು ಕಟ್ಟುವವನು ಈ ವಚನವನ್ನು ಮೀರಿದ ಹಾಗಾಗುವುದಿಲ್ಲ. ಸಾಲ ತರುವುದೇ ಪಾಪವಾಗಿದ್ದರೆ ಸಾಲ ಕೊಡುವುದೂ ಆ ಪಾಪಕ್ಕೆ ನೆರವಾಗಬೇಕಿತ್ತು. ಆದರೆ ಕೇಳಿದವನಿಗೆ ಸಾಲ ಕೊಡು ಎಂದು ಧರ್ಮೋಪದೇಶಕಾಂಡ 15:8 ಆಜ್ಞಾಪಿಸುತ್ತದೆ, ಯೇಸು ಮತ್ತಾಯ 5:42ರಲ್ಲಿ ಅದನ್ನೇ ಹೇಳುತ್ತಾನೆ. ಕೀರ್ತನೆ 37:21 ದುಷ್ಟನೆಂದು ಕರೆಯುವುದು ಸಾಲ ತಂದು ತೀರಿಸದವನನ್ನು. ಸಾಲಗಾರನು ಸಾಲಕೊಟ್ಟವನಿಗೆ ಸೇವಕ ಎಂಬ ಜ್ಞಾನೋಕ್ತಿ 22:7 ಇದ್ದ ಸ್ಥಿತಿಯನ್ನು ಹೇಳುವ ಎಚ್ಚರಿಕೆಯ ಮಾತು. ಅದು ಅಪರಾಧದ ತೀರ್ಪಲ್ಲ.

ಬೈಬಲ್ ಸಾಲದ ಬಗ್ಗೆ ಮಾತಾಡುವಾಗ ಬೆರಳು ತೋರಿಸುವುದು ಹೆಚ್ಚಾಗಿ ಕೊಟ್ಟವನ ಕಡೆಗೆ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಹಾಕಬಾರದು, ಅಡವಿಟ್ಟ ಕಂಬಳಿಯನ್ನು ಹೊತ್ತು ಮುಳುಗುವ ಮುನ್ನ ತಿರುಗಿ ಕೊಡಬೇಕು (ವಿಮೋಚನಕಾಂಡ 22). ಬೀಸುವ ಕಲ್ಲನ್ನು ಒತ್ತೆ ತಗೊಳ್ಳಬಾರದು, ಯಾಕೆಂದರೆ ಅದು ಅವನ ಬದುಕು. ಒತ್ತೆ ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಂತಿರಬೇಕು (ಧರ್ಮೋಪದೇಶಕಾಂಡ 24). ಕ್ರಿ.ಶ. 325ರ ನೈಸೀಯ ಮಹಾಸಭೆ ಬಡ್ಡಿ ವ್ಯವಹಾರ ಮಾಡುವ ಯಾಜಕರನ್ನು ಹುದ್ದೆಯಿಂದ ತೆಗೆಯಬೇಕೆಂದು ನಿಯಮ ಮಾಡಿತು. ಸಾಲ ತಂದ ಬಡವನನ್ನು ಪವಿತ್ರ ಭೋಜನದಿಂದ ದೂರ ಇಡು ಎಂಬ ಮಾತು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. 1 ಕೊರಿಂಥದವರಿಗೆ 11ರಲ್ಲಿ ಪೌಲನು ಗದರಿಸಿದ್ದು ಹಸಿದ ಬಡವರನ್ನು ಬಿಟ್ಟು ತಾವೇ ಮೊದಲು ಉಂಡು ಕುಡಿದ ಉಳ್ಳವರನ್ನು. ಆ ಅಧ್ಯಾಯವನ್ನು ನಿಮ್ಮ ಮನೆಯವರ ಜತೆ ಕುಳಿತು 20ನೇ ವಚನದಿಂದ ಓದಿ. ಅವರು ಪ್ರತಿ ತಿಂಗಳು ಕಂತು ಕಟ್ಟುತ್ತಿರುವ ಪ್ರಾಮಾಣಿಕ ಹೆಣ್ಣುಮಗಳು. ಭೋಜನ ತಗೊಳ್ಳಲು ಸಾಲ ಅಡ್ಡಿಯಲ್ಲ ಎಂದು ನಿಮ್ಮ ಪಾಸ್ಟರರೇ ಬಾಯಿಬಿಟ್ಟು ಹೇಳಲಿ ಎಂದು ಕೇಳಿ. ಅವಮಾನದಿಂದ ಮನಸ್ಸು ತೀರ ಕುಗ್ಗಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ, 14416ಕ್ಕೆ (ಟೆಲಿ ಮಾನಸ್) ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಲೆಕ್ಕ. ಒಟ್ಟು ಸಾಲ 4,84,000 ಎಂದು ನೋಡಿದರೆ ಎದೆ ಒಡೆಯುತ್ತದೆ. ಆದರೆ ಎಲ್ಲ ಸಾಲವೂ ಒಂದೇ ಅಲ್ಲ. ಪಿಕೆಪಿಎಸ್ ಬೆಳೆಸಾಲ ಗಡುವಿಗೆ ಕಟ್ಟಿದರೆ ಬಡ್ಡಿ ಸೊನ್ನೆ. ಬಂಗಾರದ ಸಾಲಕ್ಕೆ ನೂರಕ್ಕೆ ಹತ್ತರ ಆಸುಪಾಸು ಎಂದುಕೊಂಡರೆ ವರ್ಷಕ್ಕೆ 9,000. ಸಂಘದ ಎರಡು ಸಾಲಗಳಿಗೆ ಮುಂದಿನ ಒಂದು ವರ್ಷದಲ್ಲಿ ಬಡ್ಡಿಯೆಂದು ಹೋಗುವುದು ಎಂಟು ಒಂಬತ್ತು ಸಾವಿರ. ಕೈಗಡಕ್ಕೆ ತಿಂಗಳಿಗೆ 4,500, ವರ್ಷಕ್ಕೆ 54,000. ಸಾಲದಲ್ಲಿ ಮೂರನೇ ಒಂದು ಪಾಲೂ ಇಲ್ಲದ ಕೈಗಡ, ಬಡ್ಡಿಯಲ್ಲಿ ಮುಕ್ಕಾಲು ಪಾಲು ನುಂಗುತ್ತಿದೆ. "ನೂರಕ್ಕೆ ಮೂರು" ಎಂದಾಗ ಸಣ್ಣದಾಗಿ ಕೇಳುತ್ತದೆ. ಅದು ವರ್ಷಕ್ಕೆ ನೂರಕ್ಕೆ 36.

ಸಂಘದ ಸಾಲದಲ್ಲೂ ಒಂದು ಮರೆ ಇದೆ. 50,000ಕ್ಕೆ "ಫ್ಲಾಟ್ 12 ಪರ್ಸೆಂಟ್" ಎಂದು ಎರಡು ವರ್ಷಕ್ಕೆ ಕೊಟ್ಟರೆ ಬಡ್ಡಿ 12,000, ತಿಂಗಳ ಕಂತು ಸುಮಾರು 2,583. ನೀವು ತಿಂಗಳು ತಿಂಗಳು ಅಸಲು ಕಡಿಮೆ ಮಾಡುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ನಿಜಕ್ಕೂ ನೂರಕ್ಕೆ 21.6. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲದ ವಿವರ ಪತ್ರದಲ್ಲಿ ವಾರ್ಷಿಕ ನಿಜದರ ಬರೆದಿರಲೇಬೇಕು. ಅದನ್ನು ತೆಗೆದು ನೋಡಿ.

ನಿಮ್ಮ ಮನೆ ಸಿಕ್ಕಿಬಿದ್ದ ಕಾರಣ ದುಂದುಗಾರಿಕೆ ಎಂದು ನನಗೆ ಅನಿಸುವುದಿಲ್ಲ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕಂತು ತಿಂಗಳಿಗೊಮ್ಮೆ. ಕಾಗದದ ಮೇಲೆ ನಿಮ್ಮ ವರ್ಷದ ಆದಾಯ 2,88,000, ಅಂದರೆ ತಿಂಗಳಿಗೆ 24,000. ಕಿರುಸಾಲ ಕೊಡುವಾಗ ಮನೆಯ ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ಆದಾಯದ ಅರ್ಧ ಮೀರಬಾರದು ಎಂಬ 2022ರ ರಿಸರ್ವ್ ಬ್ಯಾಂಕ್ ನಿಯಮಕ್ಕೆ ನೀವು ಒಳಗೇ ಇದ್ದೀರಿ. ಕೈಗಡ ಯಾವ ದಾಖಲೆಯಲ್ಲೂ ಕಾಣುವುದಿಲ್ಲವಾದ್ದರಿಂದ ಕಂಪನಿಯವರು ಮತ್ತೆ ಸಾಲ ಕೊಡಲು ತಯಾರಿರುತ್ತಾರೆ. ಆದರೆ ತಿಂಗಳಿಗೆ ನಿಜವಾಗಿ ಕೈಗೆ ಬರುವುದು 9,000. ಹೋಗುವುದು ಕಂತು 5,200, ಕೈಗಡದ ಬಡ್ಡಿ 4,500, ಒಟ್ಟು 9,700. ಒಲೆ ಹೊತ್ತಿಸುವ ಮುನ್ನವೇ 700 ಕಡಿಮೆ. ಆ ಕೊರತೆ ತುಂಬಲು ಎರಡನೇ ಸಂಘ ಬಂತು. ಕಾರ್ಖಾನೆ ಬಿಲ್ಲು ತಡವಾದರೆ ಮೂರನೆಯದು ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಮುಟ್ಟಿದ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು. ಆ ಬಡ್ಡಿಯನ್ನು ಕೇಳಿ ಪಡೆಯುವ ರೈತರು ಕಡಿಮೆ. ಹೊಲದ ಕೂಲಿಯವನಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂದು ಯಾಕೋಬನು ಬರೆದ ಮಾತು (5:4) ಇಲ್ಲಿಗೂ ಸಲ್ಲುತ್ತದೆ. ಸಾಲಗಾರನನ್ನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವ ಪ್ರಸಂಗ ಈ ಪಾಲುದಾರರನ್ನು ಮರೆಯುತ್ತದೆ.

ಈಗ ಮಾಡಬಹುದಾದ್ದು. ಮನೆಖರ್ಚು ತಿಂಗಳಿಗೆ 10,000, ಶಾಲೆ ಮತ್ತು ಔಷಧಕ್ಕೆ ವರ್ಷಕ್ಕೆ 20,000 ಎಂದು ಹಿಡಿಯುತ್ತೇನೆ. ನಿಮ್ಮದು ಬೇರೆಯಿದ್ದರೆ ಅಂಕಿ ಬದಲಿಸಿಕೊಳ್ಳಿ. ಮುಂದಿನ ಬಿಲ್ಲಿನ 1,80,000 ಕೈಗೆ ಬಂದ ವಾರವೇ ಅದನ್ನು ಹೀಗೆ ಹರಿದು ಹಂಚಿ: ವರ್ಷದ ಸಂಘದ ಕಂತು 62,400, ಬಂಗಾರದ ಬಡ್ಡಿ 9,000, ಶಾಲೆ ಔಷಧ 20,000, ಮನೆಖರ್ಚಿನ ಕೊರತೆ 12,000. ಇದಿಷ್ಟನ್ನೂ ಬೇರೆ ಉಳಿತಾಯ ಖಾತೆಗೆ ಹಾಕಿ, ಎಟಿಎಂ ಕಾರ್ಡು ಇಲ್ಲದ ಖಾತೆಯಾದರೆ ಇನ್ನೂ ಒಳ್ಳೆಯದು. ಉಳಿಯುವುದು ಸುಮಾರು 76,000. ಅದು ಪೂರ್ತಿ ಕೈಗಡಕ್ಕೆ.

ಕೈಗಡದವರ ಹತ್ತಿರ ಬರಿಗೈಯಲ್ಲಿ ಹೋಗಿ ಬಡ್ಡಿ ಇಳಿಸಿ ಎಂದರೆ ಒಪ್ಪುವವರು ವಿರಳ. ರೊಕ್ಕ ಕೈಯಲ್ಲಿ ಹಿಡಿದು ಹೋಗಿ. "62,000 ಅಸಲಿಗೆ ಈಗಲೇ ಕೊಡುತ್ತೇನೆ, ಉಳಿದ 88,000ಕ್ಕೆ ನೂರಕ್ಕೆ ಒಂದೂಕಾಲು ಮಾಡಿ" ಎಂದು ಕೇಳಿ. ಒಪ್ಪಿದರೆ ತಿಂಗಳ ಬಡ್ಡಿ 4,500ರಿಂದ 1,100ಕ್ಕೆ ಇಳಿಯುತ್ತದೆ. ಇದು ಭಿಕ್ಷೆಯಲ್ಲ. ಕರ್ನಾಟಕ ಲೇವಾದೇವಿ ಕಾಯ್ದೆಯಡಿ ಆಧಾರವಿಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16, ಆಧಾರವಿರುವ ಸಾಲಕ್ಕೆ 14 ಎಂಬ ಮಿತಿಯಿದೆ. ವಿಪರೀತ ಬಡ್ಡಿ ತಡೆಯಲು 2004ರ ಕಾಯ್ದೆ ಬೇರೆ ಇದೆ. ಊರಿನ ಇಬ್ಬರು ಹಿರಿಯರು ಎದುರಿಗಿರಲಿ. ಕೊಟ್ಟ ದುಡ್ಡಿಗೆ ತಾರೀಖು ಹಾಕಿದ ರಸೀದಿ ಬೇಕು, ಆದಷ್ಟು ಬ್ಯಾಂಕ್ ಮೂಲಕವೇ ಕೊಡಿ. ಖಾಲಿ ಚೆಕ್ಕು, ಸಹಿ ಹಾಕಿದ ಖಾಲಿ ಬಾಂಡ್ ಪೇಪರ್ ಅವರ ಬಳಿ ಇದ್ದರೆ ಹೊಸ ಒಪ್ಪಂದ ಬರೆದ ದಿನವೇ ಅವನ್ನು ಹಿಂದಕ್ಕೆ ಪಡೆಯಿರಿ. ಸಾಲ ಮುಗಿದ ಮೇಲೂ ಖಾಲಿ ಚೆಕ್ಕು ಅಲ್ಲೇ ಉಳಿದು, ವರ್ಷಗಳ ನಂತರ ಚೆಕ್ ಬೌನ್ಸ್ ಪ್ರಕರಣವಾಗಿ ಕೋರ್ಟಿಗೆ ಎಳೆಯುವುದು ನಮ್ಮ ಭಾಗದಲ್ಲಿ ಪದೇ ಪದೇ ಆಗುವ ಅನಾಹುತ.

ಅವರು ಒಪ್ಪದೆ ಮೂರು ರೂಪಾಯಿಗೇ ಹಟ ಹಿಡಿದರೆ? ಆಗ 76,000ದಲ್ಲಿ ವರ್ಷದ ಬಡ್ಡಿಗೆ ಸುಮಾರು 42,000 ತೆಗೆದಿಡಬೇಕು, ಅಸಲಿಗೆ ಹೋಗುವುದು 34,000 ಮಾತ್ರ. ಆದರೂ ದಾರಿ ಮುಚ್ಚುವುದಿಲ್ಲ. ಸಂಘದ ಕಂತು ಸುಮಾರು 14 ತಿಂಗಳಿಗೆ ಮುಗಿಯುತ್ತದೆ. ಹಾಗಾಗಿ ಎರಡನೇ ಬಿಲ್ಲಿನಲ್ಲಿ ಇದೇ ಲೆಕ್ಕಕ್ಕೆ 1,28,000ದಷ್ಟು ಉಳಿಯುತ್ತದೆ. ಬಡ್ಡಿ ಇಳಿದಿದ್ದರೆ ಕೈಗಡ ಚುಕ್ತಾ ಮಾಡಿ ಬಂಗಾರಕ್ಕೆ 40,000 ಕಟ್ಟಬಹುದು. ಇಳಿಯದಿದ್ದರೆ ಕೈಗಡ ಮುಗಿದು 12,000 ಉಳಿಯುತ್ತದೆ. ಅವರು ಜುಲುಮೆಗೆ ಇಳಿದರೆ ಜಮಖಂಡಿ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಅರ್ಜಿ ನಿಮ್ಮ ಮನೆಯವರ ಹೆಸರಲ್ಲಿರಲಿ.

ಈ ಯೋಜನೆ ಕೆಡುವುದು ಎರಡು ಕಡೆ. ಒಂದು, ಇಳುವರಿ ಕುಸಿದಾಗ ಅಥವಾ ಬಿಲ್ಲು ತಡವಾದಾಗ. ಅದಕ್ಕಾಗಿ ಮೂರು ತಿಂಗಳ ಕಂತು, 15,600, ಮುಟ್ಟದೆ ಇಡಿ. ಆ ಮೊತ್ತವನ್ನು ಮೊದಲ ವರ್ಷ ಕೈಗಡದ ಪಾಲಿನಿಂದ ಕಡಿಮೆ ಮಾಡಿದರೂ ಚಿಂತೆಯಿಲ್ಲ. ಇನ್ನೊಂದು, ಮನೆಯಲ್ಲಿ ಲಗ್ನ, ಮುಂಜಿ, ಸಾವು ಬಂದಾಗ ಮತ್ತೆ ಅದೇ ಬಾಗಿಲಿಗೆ ಹೋಗುವುದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸುತ್ತಾನಲ್ಲವೇ ಎಂದು ಯೇಸು ಕೇಳಿದ್ದನ್ನು (ಲೂಕ 14:28) ನಮ್ಮ ಲಗ್ನಗಳಿಗೆ ಯಾರೂ ಹಚ್ಚಿ ನೋಡುವುದಿಲ್ಲ. ಇದರಲ್ಲಿ ಸಭೆಗಳ ಜವಾಬ್ದಾರಿ ದೊಡ್ಡದು. ಐನೂರು ಜನರ ಊಟ ಹಾಕಿಸದ ಲಗ್ನಕ್ಕೆ ಸಭೆಯ ಹಿರಿಯರು ಮುಂದೆ ನಿಂತು ಗೌರವ ತಂದುಕೊಟ್ಟರೆ ಎಷ್ಟೋ ಕೈಗಡ ಹುಟ್ಟುವುದೇ ಇಲ್ಲ.

ಬಂಗಾರ ಬಿಡಿಸಿ ಮಾರುವುದು ಇನ್ನೊಂದು ದಾರಿ. ಎರಡು ಮೂರು ವರ್ಷದ ಹಿಂದೆ ಅಡವಿಟ್ಟದ್ದಾದರೆ ಬೆಲೆ ಆಮೇಲೆ ಬಹಳ ಏರಿದೆ. ತೂಕ ಕೇಳಿ ಇವತ್ತಿನ ದರಕ್ಕೆ ಲೆಕ್ಕ ಹಾಕಿ. ಒಂದು ಒಡವೆ ಮಾರಿ 90,000 ತೀರಿಸಿ, ಮಿಕ್ಕಿದ್ದನ್ನು ಕೈಗಡಕ್ಕೆ ಹಾಕಲು ಸಾಧ್ಯವಾಗಬಹುದು. ಮಾರಿದ ಬಂಗಾರ ಮತ್ತೆ ಮಾಡಿಸುವುದು ಕಷ್ಟ. ಜೊತೆಗೆ ಅದು ನಿಮ್ಮ ಮನೆಯವರ ಒಡವೆ, ನಿರ್ಧಾರ ಅವರದೇ ಆಗಬೇಕು. ಬೆಲೆ ಏರಿದೆಯೆಂದು ಅದೇ ಬಂಗಾರದ ಮೇಲೆ ಇನ್ನಷ್ಟು ಸಾಲ ತಂದು ಕೈಗಡ ತೀರಿಸುವುದೂ ಲೆಕ್ಕಕ್ಕೆ ಲಾಭವೇ, 36ರ ಬದಲು 10. ಆದರೆ ಬಡ್ಡಿ ಕಟ್ಟದೆ ಬಿಟ್ಟರೆ ಹರಾಜಾಗುತ್ತದೆ. ಜಮೀನು ಮಾರುವ ಮಾತು ಸದ್ಯ ಬೇಡ. ಮೊಬೈಲ್ ಆ್ಯಪ್ ಸಾಲದ ಹತ್ತಿರವೂ ಹೋಗಬೇಡಿ.

ಸಂಘದ ಕಂತು ಒಂದು ತಿಂಗಳು ತಪ್ಪಿದರೆ ಏನಾಗುತ್ತದೆ ಎಂದು ಹೆದರುವ ಹೆಣ್ಣುಮಕ್ಕಳು ಬಹಳ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಗೆ ಫೋನ್ ಮಾಡಿ ಕಾಡುವುದು ನಿಷಿದ್ಧ. ಇಬ್ಬರೂ ಒಪ್ಪಿದ ಗೊತ್ತಾದ ಜಾಗದಲ್ಲೇ ವಸೂಲಿ ನಡೆಯಬೇಕು, ಸಾಲಗಾರರು ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ತಡವಾದರೆ ದಂಡ ಬೀಳುವುದು ತಡವಾದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ಸಾಲಿಗನು ಹೊರಗೆ ನಿಲ್ಲಬೇಕೆಂಬ ಮೋಶೆಯ ಕಟ್ಟಳೆ ಇವತ್ತಿನ ಸುತ್ತೋಲೆಯಲ್ಲಿ ಹೀಗೆ ಕಾಣಿಸಿಕೊಂಡಿದೆ. 2025ರಲ್ಲಿ ಕರ್ನಾಟಕ ತಂದ ಕಾನೂನು ಜುಲುಮೆಯ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಇಟ್ಟಿದೆ. ಆದರೆ ಆ ಕಾನೂನು ಬಂದಿದೆ, ಇನ್ನು ಸಂಘದ ಸಾಲ ಕಟ್ಟಬೇಕಿಲ್ಲ ಎಂಬ ಮಾತು ಸುಳ್ಳು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಕಟ್ಟಲೇಬೇಕು. ತೊಂದರೆ ಇದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಕರೆ ಮಾಡಿ ದೂರು ಕೊಡುವುದು ಹೇಗೆಂದು ಕೇಳಬಹುದು.

ಕಾನೂನಿನ ಸಂದಿ ಹಿಡಿದು ತಪ್ಪಿಸಿಕೊಳ್ಳಿ ಎನ್ನುವವರೂ ಸಿಗುತ್ತಾರೆ. "ಮೂರು ವರ್ಷ ದಾಟಿಸು, ಕಾಗದ ಸತ್ತುಹೋಗುತ್ತದೆ" ಎಂಬ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ಕೋರ್ಟು ಕೈಬಿಟ್ಟರೂ ದೇವರ ಮುಂದೆ ಅಸಲು ಅಸಲೇ. ಕೈಗಡದ ಅಸಲನ್ನು, ನ್ಯಾಯವಾದ ಬಡ್ಡಿಯನ್ನು ಪೂರ್ತಿ ಕೊಡಿ. ಅನ್ಯಾಯದ ಬಡ್ಡಿಗೆ ಮಾತ್ರ ಮುಖಕ್ಕೆ ಮುಖ ಕೊಟ್ಟು ಎದುರು ಮಾತಾಡಿ. ನೆಹೆಮೀಯನು ಮಾಡಿದ್ದೂ ಇದನ್ನೇ. ಸಾಲಗಾರರನ್ನು ಓಡಿಹೋಗಿ ಎನ್ನಲಿಲ್ಲ, ಸಾಲಕೊಟ್ಟ ಶ್ರೀಮಂತರನ್ನು ಸಭೆ ಸೇರಿಸಿ ಹೊಲ, ದ್ರಾಕ್ಷಿತೋಟ, ಮನೆ, ತಗೊಂಡ ಬಡ್ಡಿ ಎಲ್ಲ ಹಿಂದಕ್ಕೆ ಕೊಡಿಸಿದ.

ದಶಮಾಂಶದ ವಿಷಯ. ಕಾರ್ಖಾನೆ ಬಿಲ್ಲಿನ 3,60,000ದ ಮೇಲೆ 36,000 ಕೊಟ್ಟಿದ್ದೀರಿ. ಅದರಲ್ಲಿ 1,80,000 ಪಿಕೆಪಿಎಸ್‌ಗೆ ಸೇರಿದ್ದು, ಬೀಜ, ಗೊಬ್ಬರ, ಕಳೆಗೆಂದು ತಂದ ದುಡ್ಡು. ಸಾಲದ ದುಡ್ಡಿನ ಮೇಲೂ ದಶಮಾಂಶ ಕೊಟ್ಟ ಹಾಗಾಯಿತು. ಧರ್ಮೋಪದೇಶಕಾಂಡ 14:22 ಹೇಳುವುದು ಹೊಲದ ಹುಟ್ಟುವಳಿಯ ಹತ್ತನೇ ಪಾಲು. ನಿಮ್ಮ ವರ್ಷದ ಲೆಕ್ಕದಲ್ಲಿ ಮನೆ, ಕಂತು, ಬಡ್ಡಿ, ಶಾಲೆ ಎಲ್ಲ ಕಳೆದರೆ ಉಳಿಯುತ್ತಿದ್ದುದು 22,000ದ ಆಸುಪಾಸು. ಅದರ ಮೇಲೆ 36,000 ಕೊಟ್ಟಿರಿ. ಆ 14,000ದ ಕೊರತೆ ಹೊಸ ಸಂಘದ ಸಾಲದಿಂದಲೇ ತುಂಬಿರಬೇಕು. ದೇವರಿಗೆ ಕೊರ್ಬಾನ್ (ಮೀಸಲಿಟ್ಟ ಕಾಣಿಕೆ) ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ತಪ್ಪಿಸಿದವರನ್ನು ಯೇಸು ಮಾರ್ಕ 7ರಲ್ಲಿ ಖಂಡಿಸಿದ್ದಾನೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಅದನ್ನು ಸರಿಮಾಡಿಕೊಂಡು ಬಾ ಎಂದೂ ಹೇಳಿದ್ದಾನೆ (ಮತ್ತಾಯ 5:23-24). ಕೈಗಡ ತೀರುವವರೆಗೆ ಭಾನುವಾರದ ಕಾಣಿಕೆಯನ್ನು ಮನೆಖರ್ಚಿನ 10,000ದೊಳಗೇ ಇಟ್ಟುಕೊಳ್ಳಿ, ಸಣ್ಣದಾದರೂ ತಪ್ಪದೆ ಕೊಡಿ. ಮುಗಿದ ಮೇಲೆ ಕೈ ಬಿಚ್ಚಿ ಕೊಡಬಹುದು. ಕೊಟ್ಟರೆ ಸಾಲ ರದ್ದಾಗುತ್ತದೆ ಎನ್ನುವ ಪ್ರಸಂಗಿಗಳು 2 ಅರಸುಗಳು 4ನ್ನು ಮತ್ತೊಮ್ಮೆ ಓದಲಿ. ಎಲೀಷನು ವಿಧವೆಯ ಮನೆಯಲ್ಲಿ ಎಣ್ಣೆ ಹೆಚ್ಚಿಸಿದ ಮೇಲೆ ಹೇಳಿದ್ದು: ಹೋಗಿ ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಿಂದ ನೀನೂ ಮಕ್ಕಳೂ ಬದುಕಿರಿ. ಅದ್ಭುತ ನಡೆದ ಮನೆಯಲ್ಲೂ ಸಾಲಿಗನಿಗೆ ಪೂರ್ತಿ ಸಂದಿತು. ಆಕೆಯಿಂದ ಎಲೀಷ ಕಾಣಿಕೆಯನ್ನೂ ಕೇಳಲಿಲ್ಲ.

ಸಭೆಯಿಂದ ನೀವು ಏನನ್ನಾದರೂ ಕೇಳುವುದಾದರೆ ಒಂದು ಬಡ್ಡಿರಹಿತ ನಿಧಿಯನ್ನು ಕೇಳಿ. ಇದು ಹೊಸ ಮಾತೇನಲ್ಲ. ಜರ್ಮನಿಯ ಹಳ್ಳಿಗಳಲ್ಲಿ ಬಡ್ಡಿಯವರ ಕೈಗೆ ಸಿಕ್ಕ ರೈತರಿಗಾಗಿ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬ ಮೇಯರ್, ಕ್ರಿಸ್ತನ ಮೇಲಿನ ನಂಬಿಕೆಯಿಂದಲೇ ಪ್ರೇರಿತನಾಗಿ, 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲದ ಸಂಘ ಕಟ್ಟಿದ. ಆ ಮಾದರಿಯನ್ನು ಭಾರತಕ್ಕೆ ತರಬೇಕೆಂದು ಮದರಾಸಿನ ಅಧಿಕಾರಿ ಫ್ರೆಡ್ರಿಕ್ ನಿಕಲ್ಸನ್ ವರದಿ ಬರೆದ, 1904ರಲ್ಲಿ ಸಹಕಾರ ಕಾಯ್ದೆ ಬಂತು, 1905ರಲ್ಲಿ ನಮ್ಮ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಸಂಘ ಹುಟ್ಟಿತು. ನೀವು ಸೊನ್ನೆ ಬಡ್ಡಿಗೆ ಸಾಲ ತಂದ ಪಿಕೆಪಿಎಸ್ ಆ ಮನೆತನದ್ದೇ. ಸಭೆಯ ನಿಧಿಗೆ ಕಟ್ಟುನಿಟ್ಟು ಬೇಕು: ಒಬ್ಬರಿಗೆ 20,000ಕ್ಕಿಂತ ಹೆಚ್ಚಿಲ್ಲ, ಹತ್ತು ತಿಂಗಳಲ್ಲಿ ವಾಪಸ್ಸು, ಔಷಧ, ಶಾಲೆ ಮತ್ತು ಮೀಟರ್ ಬಡ್ಡಿಯ ಸಾಲ ತೀರಿಸಲು ಮಾತ್ರ, ಲಗ್ನಕ್ಕಿಲ್ಲ. ಲೆಕ್ಕ ಪಾಸ್ಟರರ ಕೈಯಲ್ಲಿ ಇರಬಾರದು. ಮೂವರು ನೋಡಿಕೊಳ್ಳಲಿ, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಲಿ. ಇಂಥ ನಿಧಿಗಳು ಮುಳುಗುವುದು ಹಿರಿಯರ ನೆಂಟರಿಗೆ ಮೊದಲು ಕೊಟ್ಟಾಗ.

ಜಾಮೀನಿನ ಬಗ್ಗೆ ನನ್ನ ಉತ್ತರ: ಹಾಕಬೇಡಿ. ಸುಮ್ಮನೆ ಸಾಕ್ಷಿ ಸಹಿ ಎಂದು ಭಾವ ಹೇಳಬಹುದು, ಹಾಗಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಮೊದಲು ನಿಮ್ಮನ್ನೇ ಹಿಡಿಯಬಹುದು. ಭಾವ ಎರಡು ಕಂತು ತಪ್ಪಿದರೂ ನಿಮ್ಮ ಸಿಬಿಲ್ (ಸಾಲ ಮರುಪಾವತಿಯ ದಾಖಲೆ) ಕೆಟ್ಟು ಮುಂದಿನ ವರ್ಷದ ಬೆಳೆಸಾಲಕ್ಕೆ ಕುತ್ತು ಬರಬಹುದು. ಹೊಣೆಯಾದವನು ಬಲೆಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೊಳ್ಳಲಿ ಎನ್ನುತ್ತದೆ ಜ್ಞಾನೋಕ್ತಿ 6. ತೀರಿಸಲು ಇಲ್ಲದಿದ್ದರೆ ನೀನು ಮಲಗಿದ ಹಾಸಿಗೆಯನ್ನೇ ಯಾಕೆ ಎಳೆದುಕೊಂಡು ಹೋಗಬೇಕು ಎಂದು 22:27 ಕೇಳುತ್ತದೆ. ಹಾಗೆಂದು ಹೊಣೆ ನಿಲ್ಲುವುದೇ ತಪ್ಪೆಂದಲ್ಲ. ಬೆನ್ಯಾಮೀನನಿಗೆ ಯೆಹೂದ ಹೊಣೆ ನಿಂತ. ಒನೇಸಿಮನ ಬಾಕಿಯನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಪೌಲ ಫಿಲೆಮೋನನಿಗೆ ಬರೆದ. ಅವರಿಬ್ಬರೂ ತಾವೇ ತೆರಬೇಕಾದೀತು ಎಂದು ಗೊತ್ತಿದ್ದೇ ನಿಂತರು. ಟ್ರ್ಯಾಕ್ಟರಿನ ಪೂರ್ತಿ ಸಾಲವನ್ನು ಮಕ್ಕಳ ತುತ್ತು ಕಸಿಯದೆ ನೀವು ಕಟ್ಟಬಲ್ಲಿರಾ? ಇವತ್ತು ಇಲ್ಲ. ಭಾವನಿಗೆ ನಿಮ್ಮ ಸಾಲದ ಚೀಟಿಯನ್ನೇ ತೋರಿಸಿ, "ನನ್ನ ಮೇಲೆ ಇಷ್ಟಿದೆ, ಬ್ಯಾಂಕಿನವರೇ ನನ್ನ ಸಹಿ ಒಪ್ಪಲಿಕ್ಕಿಲ್ಲ" ಎಂದುಬಿಡಿ. ಸದ್ಯಕ್ಕೆ ಬಾಡಿಗೆ ಟ್ರ್ಯಾಕ್ಟರ್ ಹುಡುಕಿಕೊಡಲು ಓಡಾಡಿ.

ಕೊನೆಗೆ ಸರಕಾರದ ಸಾಲ. ಕರ್ನಾಟಕದ 2025-26ರ ಬಜೆಟ್ ಪ್ರಕಾರ ರಾಜ್ಯದ ಒಟ್ಟು ಹೊಣೆಗಾರಿಕೆ 7,64,655 ಕೋಟಿ, ರಾಜ್ಯದ ಉತ್ಪನ್ನದ ನೂರಕ್ಕೆ 24.91. ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾನೂನಿನ ಮಿತಿ 25, ಅದರ ಅಂಚಿನಲ್ಲೇ ಇತ್ತು. ಸುಮಾರು ಏಳು ಕೋಟಿ ಜನರಿಗೆ ಹಂಚಿದರೆ ತಲೆಗೆ ಒಂದು ಲಕ್ಷಕ್ಕಿಂತ ಹೆಚ್ಚು ಬರುತ್ತದೆ ನಿಜ. ಆದರೆ ಆ ಬಿಲ್ಲು ನಿಮ್ಮ ಕೂಸಿನ ಹೆಸರಿಗೆ ಎಂದೂ ಬರುವುದಿಲ್ಲ. ಸರಕಾರ ಸಾಲ ತಂದಿರುವುದು ಹೆಚ್ಚಾಗಿ ದೇಶದೊಳಗಿಂದಲೇ, ಬ್ಯಾಂಕು, ವಿಮೆ, ಭವಿಷ್ಯನಿಧಿಗಳಲ್ಲಿ ಜನರೇ ಕೂಡಿಟ್ಟ ದುಡ್ಡಿನಿಂದ. ಸರಕಾರಕ್ಕೆ ವಯಸ್ಸಾಗುವುದಿಲ್ಲ, ತೆರಿಗೆ ಎತ್ತುವ ಅಧಿಕಾರವಿದೆ, ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತ ಹೋಗಬಲ್ಲದು. ನೀವು ಹಾಗೆ ಮಾಡಿದರೆ ಮೂರು ವರ್ಷದಲ್ಲಿ ಹೊಲ ಹೋಗುತ್ತದೆ. ಅದಕ್ಕೇ "ಸರಕಾರವೇ ಮಾಡಿದೆ" ಎಂಬ ಸಮಾಧಾನ ನಿಮಗೆ ಹೊಂದುವುದಿಲ್ಲ.

ಸರಕಾರದ ಸಾಲದ ಭಾರ ಬೇರೆ ರೂಪದಲ್ಲಿ ನಿಮ್ಮ ಮನೆಗೆ ಬರುತ್ತದೆ. ಕೇಂದ್ರದ 2025-26ರ ಬಜೆಟ್ಟಿನಲ್ಲಿ ಬರುವ ಒಂದು ರೂಪಾಯಿಯಲ್ಲಿ 24 ಪೈಸೆ ಸಾಲ, ಹೋಗುವ ರೂಪಾಯಿಯಲ್ಲಿ 20 ಪೈಸೆ ಬಡ್ಡಿ. ಆ 20 ಪೈಸೆ ಆಸ್ಪತ್ರೆಗೂ ಇಲ್ಲ, ಕಾಲುವೆಗೂ ಇಲ್ಲ. ಹಾಗಾಗಿ ಸರಕಾರ ಎಷ್ಟು ಸಾಲ ಮಾಡಿತು ಎಂಬುದಕ್ಕಿಂತ ಯಾಕೆ ಮಾಡಿತು ಎಂದು ಕೇಳಬೇಕು. ಕಾಲುವೆಗೆ ಮಾಡಿದ ಸಾಲ ನೀರು ಕೊಡುತ್ತದೆ, ದಿನದ ಖರ್ಚಿಗೆ ಮಾಡಿದ್ದು ಬಡ್ಡಿಯನ್ನು ಮಾತ್ರ ಬಿಟ್ಟುಹೋಗುತ್ತದೆ. ರಾಜ್ಯ ಅದೇ ಬಜೆಟ್ಟಿನಲ್ಲಿ 19,262 ಕೋಟಿ ರಾಜಸ್ವ ಕೊರತೆ ತೋರಿಸಿದೆ, ಅಂದರೆ ಅಷ್ಟು ಸಾಲ ದಿನದ ಖರ್ಚಿಗೇ. ಅದರ ಬಗ್ಗೆ ಶಾಸಕರನ್ನು ಕೇಳುವ ಹಕ್ಕು ನಿಮಗಿದೆ.

ಧರ್ಮೋಪದೇಶಕಾಂಡ 28ರ ಆಶೀರ್ವಾದ ಮತ್ತು ಶಾಪ ಇಸ್ರಾಯೇಲರೊಂದಿಗೆ ದೇವರು ಮಾಡಿದ ಒಡಂಬಡಿಕೆಯ ಮಾತು. ಅದನ್ನು ಕಿತ್ತು ತಂದು ಭಾರತದ ಬಜೆಟ್ಟಿಗೆ ಅಂಟಿಸುವುದು ಸರಿಯಲ್ಲ. ಆಳುವವರಿಗೆ ಬೈಬಲಿನಲ್ಲಿ ಬೇರೆ ಪಾಠಗಳಿವೆ. ಸುಭಿಕ್ಷದ ಏಳು ವರ್ಷ ಐದನೇ ಒಂದು ಪಾಲು ಕೂಡಿಡಿಸಿದ ಯೋಸೇಫನದು ಒಂದು. ನೆಹೆಮೀಯ 5ರದು ಇನ್ನೂ ಹತ್ತಿರ: ಅರಸನ ಕಂದಾಯ ಕಟ್ಟಲು ಹೊಲ ಅಡವಿಟ್ಟು ಸಾಲ ತಂದೆವು ಎಂದು ಜನ ಅತ್ತರು, ನೆಹೆಮೀಯನು ಅಧಿಪತಿಗೆ ಸಲ್ಲುವ ಭತ್ಯೆಯನ್ನೇ ಬಿಟ್ಟ. ಸರಕಾರದ ಹೊರೆಯೂ ಮನೆಯ ಸಾಲವೂ ಹೇಗೆ ಒಂದಕ್ಕೊಂದು ತಗುಲಿಕೊಂಡಿವೆ ಎಂಬುದನ್ನು ಆ ಅಧ್ಯಾಯದಷ್ಟು ನೇರವಾಗಿ ಹೇಳಿದ ಭಾಗ ಬೈಬಲಿನಲ್ಲಿ ನನಗೆ ಇನ್ನೊಂದು ಕಾಣದು.

ಸಾಲಮನ್ನಾ ಕಾಯುತ್ತ ಕೂಡುವುದರಿಂದ ನಿಮಗೆ ನಷ್ಟವೇ. ಬೈಬಲಿನ ಏಳನೇ ವರ್ಷದ ಬಿಡುಗಡೆಯಲ್ಲಿ (ಧರ್ಮೋಪದೇಶಕಾಂಡ 15) ಸಾಲಕೊಟ್ಟವನು ತನ್ನ ಕೈಯಿಂದ ಬಿಡುತ್ತಿದ್ದ. ನಮ್ಮ ಸಾಲಮನ್ನಾದಲ್ಲಿ ಬ್ಯಾಂಕಿಗೆ ಖಜಾನೆ ತುಂಬಿಕೊಡುತ್ತದೆ, ಆ ಖಜಾನೆಯೇ ಸಾಲದಲ್ಲಿದೆ. ಬರಗಾಲದಲ್ಲಿ ಅದು ಬೇಕಾಗಬಹುದು, ತಪ್ಪೆನ್ನಲಾರೆ. ಆದರೆ 2008ರದಾಗಲಿ, ರಾಜ್ಯದ 2017 ಮತ್ತು 2018ರದಾಗಲಿ, ಮನ್ನಾ ಆದದ್ದು ಸಹಕಾರ ಸಂಘ ಮತ್ತು ಬ್ಯಾಂಕುಗಳ ಕೃಷಿ ಸಾಲ. ಕೈಗಡ, ಸಂಘದ ಸಾಲ ಆ ಮನ್ನಾಗಳಲ್ಲಿ ಸೇರಿರಲಿಲ್ಲ. ನಿಮ್ಮನ್ನು ಸುಡುತ್ತಿರುವುದು ಅವೇ. ಮನ್ನಾ ಆಸೆಗೆ ಪಿಕೆಪಿಎಸ್ ಸಾಲ ಉಳಿಸಿಕೊಂಡರೆ ಸೊನ್ನೆ ಬಡ್ಡಿ ತಪ್ಪಿ ಮಾಮೂಲಿ ಬಡ್ಡಿ ಬೀಳುತ್ತದೆ, ಹೊಸ ಬೆಳೆಸಾಲ ನಿಲ್ಲುತ್ತದೆ, ಗೊಬ್ಬರಕ್ಕೆ ಮತ್ತೆ ಕೈಗಡ. ಈ ವಾರವೇ ಪಿಕೆಪಿಎಸ್ ಕಾರ್ಯದರ್ಶಿಯನ್ನು ಕಂಡು ನಿಮ್ಮ ಖಾತೆಯ ಗಡುವಿನ ತಾರೀಖನ್ನು ಬರೆಸಿಕೊಳ್ಳಿ. ಕಾರ್ಖಾನೆ ಬಿಲ್ಲು ಆ ತಾರೀಖಿಗೆ ಮುಟ್ಟುವುದಿಲ್ಲವೆಂದು ಕಂಡರೆ ಒಂದು ತಿಂಗಳು ಮೊದಲೇ ಹೇಳಿ, ಏನು ಅವಕಾಶವಿದೆ ಎಂದು ಕೇಳಿ. ಸಾಲ ತೀರಿದ ದಿನ ಬೇಬಾಕಿ ಪತ್ರ ಪಡೆದು, ಪಹಣಿಯಲ್ಲಿ ಹೊಲದ ಮೇಲೆ ಸಾಲದ ಭಾರ ಉಳಿದಿದೆಯೇ ಎಂದು ನೋಡಿಕೊಳ್ಳಿ.